ಮೊದಲು ಬಿಜಾಗರಿ, ಹ್ಯಾಂಡಲ್ ಆಮೇಲೆ: ಕಾಸರಗೋಡಿನಲ್ಲಿ ಕ್ಯಾಬಿನೆಟ್ ಹಾರ್ಡ್‌ವೇರ್ ಅಂಗಡಿ ಹಾಕುವವರಿಗೆ

ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಎಲ್ಲಿಂದ ಬಂದರೂ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅಡುಗೆಮನೆ ಕ್ಯಾಬಿನೆಟ್, ವಾರ್ಡ್‌ರೋಬಿಗೆ ಬೇಕಾದ ಸಾಮಾನಿನ ಅಂಗಡಿ ಹಾಕಬೇಕೆಂದಿದ್ದೇವೆ. ಯಾವ ಮಾಲು ಎಷ್ಟು ತರಿಸಬೇಕು, ಮಂಗಳೂರಿನಿಂದ ತಂದರೆ ತೆರಿಗೆ ಹೇಗೆ, ಯಾವ ಯಾವ ಕಾಗದಪತ್ರ ಬೇಕು? ಇಲ್ಲಿ ಅದನ್ನು ಕ್ರಮವಾಗಿ ಹೇಳಿದೆ. ಸಿಮೆಂಟು, ಪೈಂಟು, ಪೈಪು ಮಾರುವ ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯ ವಿಷಯ ಇದಲ್ಲ. ಕಪಾಟಿನ ಬಾಗಿಲು ತೆರೆಯಲು, ಡ್ರಾಯರ್ ಎಳೆಯಲು, ಬೀಗ ಹಾಕಲು, ಹಲಗೆ ನಿಲ್ಲಿಸಲು ಬೇಕಾಗುವ ಲೋಹದ ಸಾಮಾನು ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸದಾಗಿ ಅಂಗಡಿ ಹಾಕುವವರ ದುಡ್ಡು ಹೆಚ್ಚಾಗಿ ಮುಳುಗುವುದು ಹ್ಯಾಂಡಲಿನಲ್ಲಿ. ಗೋಡೆ ತುಂಬ ಹೊಳೆಯುವ ಹ್ಯಾಂಡಲ್ ತೂಗಿಸಿದರೆ ಅಂಗಡಿ ಚಂದ ಕಾಣುತ್ತದೆ, ನಿಜ. ಆದರೆ ಆಚಾರಿ ನಿಮ್ಮ ಅಂಗಡಿಗೆ ವಾರಕ್ಕೆ ಎರಡು ಸಲ ಬರುವುದು ಬಿಜಾಗರಿ, ಡ್ರಾಯರ್ ಜಾರಿಸುವ ಚಾನಲ್, ಸ್ಕ್ರೂಗಳಿಗಾಗಿ. ಬಗೆ ಕಡಿಮೆ ಇರಲಿ, ಇರುವ ಬಗೆ ಎಂದೂ ಖಾಲಿಯಾಗದಿರಲಿ. ಮುಂದಿನ ಎಲ್ಲ ಲೆಕ್ಕವೂ ಈ ಒಂದು ತೀರ್ಮಾನದ ಮೇಲೆ ನಿಂತಿದೆ.

ಹಂತ 1: ನಿಮ್ಮ ಸುತ್ತಲಿನವರು ಯಾವುದರಲ್ಲಿ ಕಪಾಟು ಮಾಡುತ್ತಾರೆ ನೋಡಿ

ಅಂಗಡಿ ಕೋಣೆ ಹುಡುಕುವ ಮೊದಲು ಹತ್ತು ಹದಿನೈದು ಕಿಲೋಮೀಟರಿನೊಳಗಿನ ಮರದ ವರ್ಕ್‌ಶಾಪ್, ಅಲ್ಯೂಮಿನಿಯಂ ಫ್ಯಾಬ್ರಿಕೇಶನ್, ಇಂಟೀರಿಯರ್ ಕಾಂಟ್ರಾಕ್ಟರ್‌ಗಳನ್ನು ಕಂಡು ಮಾತಾಡಿ. ಕೇಳಬೇಕಾದ್ದು ಮೂರೇ ವಿಷಯ: ಯಾವ ಹಲಗೆ, ಎಷ್ಟು ದಪ್ಪ, ಈಗ ಸಾಮಾನು ಎಲ್ಲಿಂದ ತರುತ್ತೀರಿ.

ಇದು ಮುಖ್ಯವಾಗುವುದಕ್ಕೆ ಕಾರಣ ಉಂಟು. ಮಂಗಳೂರಿನ ಕಡೆ ಪ್ಲೈವುಡ್ ಕಪಾಟಿಗೆ ಹೊಂದುವ ಸಾಮಾನಿನ ಪಟ್ಟಿ ಕೇರಳದ ಅಡುಗೆಮನೆಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಗೆದ್ದಲು, ತೇವ ಎರಡೂ ಜೋರಾದ್ದರಿಂದ ಜನ ಮಲ್ಟಿವುಡ್ ಎಂದು ಕರೆಯುವ ಪಿವಿಸಿ ಫೋಮ್ ಬೋರ್ಡ್, ಅಲ್ಯೂಮಿನಿಯಂ ಚೌಕಟ್ಟು, ಫೆರೋಸಿಮೆಂಟ್ (ತಂತಿಬಲೆ ಹಾಕಿ ಎರಕ ಹೊಯ್ದ ತೆಳು ಸಿಮೆಂಟ್ ಹಲಗೆ) ಅಟ್ಟಣಿಗೆಗೆ ಬಾಗಿಲು ಮಾತ್ರ ಕೂರಿಸುವ ಪದ್ಧತಿ, ಎಲ್ಲವೂ ಬಳಕೆಯಲ್ಲಿವೆ. ಪ್ಲೈವುಡ್ ಹಾಕುವವರು ಐಎಸ್ 710 ಗುರುತಿನ ಬಿಡಬ್ಲ್ಯುಪಿ, ಅಂದರೆ ಕುದಿನೀರಿಗೂ ಅಂಟು ಬಿಡದ ದರ್ಜೆಯದನ್ನೇ ಕೇಳುತ್ತಾರೆ.

ಹಲಗೆ ಬದಲಾದರೆ ಸ್ಕ್ರೂ ಬದಲಾಗಬೇಕು. ಪ್ಲೈವುಡ್‌ಗೆ ಸಾಕಾಗುವ 3.5×16 ಮಿ.ಮೀ. ಸ್ಕ್ರೂ ಕಡಿಮೆ ಸಾಂದ್ರತೆಯ ಫೋಮ್ ಬೋರ್ಡಿನಲ್ಲಿ ಎರಡು ಸಲ ಬಿಚ್ಚಿ ಹಾಕಿದರೆ ತೂತು ದೊಡ್ಡದಾಗಿ ಸುಮ್ಮನೆ ತಿರುಗುತ್ತದೆ. ಅಲ್ಲಿಗೆ 4 ಮಿ.ಮೀ. ದಪ್ಪದ, ಅಗಲ ಎಳೆಯ ಸ್ಕ್ರೂ ಬೇಕು. ಅಲ್ಯೂಮಿನಿಯಂ ಸೆಕ್ಷನ್ನಿನ ತೆಳು ಗೋಡೆಗೆ ಮರದ ಸ್ಕ್ರೂ ಹಿಡಿಯುವುದೇ ಇಲ್ಲ. ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಅಥವಾ ಪಾಪ್ ರಿವೆಟ್ ಬೇಕು. ಕಿರಿದಾದ ಅಲ್ಯೂಮಿನಿಯಂ ಫ್ರೇಮಿನಲ್ಲಿ ಸಾಮಾನ್ಯ ಬಟ್ಟಲು ಬಿಜಾಗರಿಗೆ ಜಾಗವೂ ಇರದು. ಅದಕ್ಕೆ ಪ್ರೊಫೈಲ್ ಹಿಂಜ್ ಬೇರೆಯೇ ಬರುತ್ತದೆ. ನಿಮ್ಮ ಊರಿನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅಲ್ಯೂಮಿನಿಯಂನವರಾದರೆ, ಪ್ಲೈವುಡ್ ಲೆಕ್ಕದಲ್ಲಿ ತಂದ ಮಾಲಿನ ಅರ್ಧ ಕಪಾಟಿನಲ್ಲೇ ಉಳಿಯಿತೆಂದು ತಿಳಿಯಿರಿ.

ಹಂತ 2: ಮಾಲನ್ನು ಕಣ್ಣು ಮುಚ್ಚಿ ಗುರುತಿಸುವಷ್ಟು ತಿಳಿದುಕೊಳ್ಳಿ

*ಬಟ್ಟಲು ಬಿಜಾಗರಿ.* ಆಟೋ ಹಿಂಜ್, ಕನ್ಸೀಲ್ಡ್ ಹಿಂಜ್ ಎಂದೆಲ್ಲ ಕೇಳುತ್ತಾರೆ. ಬಾಗಿಲಿನೊಳಗೆ ಕೂರುವ ಬಟ್ಟಲಿನ ವ್ಯಾಸ 35 ಮಿ.ಮೀ. ತೂತಿನ ಆಳ ಸುಮಾರು 12 ಮಿ.ಮೀ. 18 ಮಿ.ಮೀ. ಬಾಗಿಲಿನಲ್ಲಿ ತೂತು ಕೊರೆದ ಮೇಲೆ 6 ಮಿ.ಮೀ. ಉಳಿಯುತ್ತದೆ. 12 ಮಿ.ಮೀ. ಹಲಗೆಯ ಬಾಗಿಲು ತಂದವರಿಗೆ ಇದನ್ನು ಮಾರಬೇಡಿ, ಎದುರಿನ ಲ್ಯಾಮಿನೇಟ್ ಒಡೆದುಕೊಂಡು ಬರುತ್ತಾರೆ.

ಇದರಲ್ಲಿ ಗೊಂದಲವಾಗುವುದು ಕ್ರ್ಯಾಂಕ್, ಅಂದರೆ ತೋಳಿನ ಬಾಗು. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವಂತಿದ್ದರೆ 0 ಕ್ರ್ಯಾಂಕ್. ನಡುವಿನ ಒಂದೇ ಹಲಗೆಯ ಮೇಲೆ ಎರಡು ಬಾಗಿಲು ಹಂಚಿಕೊಂಡು ಕೂರುವಲ್ಲಿ 8 ಕ್ರ್ಯಾಂಕ್. 18 ಮಿ.ಮೀ. ಹಲಗೆಯಲ್ಲಿ ಎರಡು ಬಾಗಿಲು ತಲಾ 8 ಮಿ.ಮೀ. ಕೂತು ನಡುವೆ 2 ಮಿ.ಮೀ. ಸಂದು ಉಳಿಯುವುದು ಸರಿಯಾದ ಲೆಕ್ಕ. ಬಾಗಿಲು ಚೌಕಟ್ಟಿನ ಒಳಗೇ ಕೂರುವುದಾದರೆ 16 ಕ್ರ್ಯಾಂಕ್. ಕಂಪನಿಯಿಂದ ಕಂಪನಿಗೆ 8 ಎಂಬುದು 9 ಅಥವಾ 9.5, 16 ಎಂಬುದು 15 ಅಥವಾ 18 ಆಗಬಹುದು. ಆದ್ದರಿಂದ ಸಂಖ್ಯೆ ಕೇಳಿ ಕೊಡಬೇಡಿ. ಬಾಗಿಲು ಎಲ್ಲಿ ಕೂರುತ್ತದೆ ಎಂದು ಕೇಳಿ ಕೊಡಿ. ಒಂದೇ ಕಪಾಟಿಗೆ ಎರಡು ಕಂಪನಿಯ ಬಿಜಾಗರಿ ಬೆರೆಸಿ ಕೊಡುವುದೂ ಬೇಡ, ಬಾಗಿಲುಗಳ ಸಾಲು ಸರಿಯಾಗುವುದಿಲ್ಲ.

ಹೈಡ್ರಾಲಿಕ್ ಅಥವಾ ಸಾಫ್ಟ್ ಕ್ಲೋಸ್ ಎಂದರೆ ಸದ್ದಿಲ್ಲದೆ ನಿಧಾನ ಮುಚ್ಚುವ ಬಗೆ. ಕ್ಲಿಪ್ ಆನ್ ಎಂದರೆ ಸ್ಕ್ರೂ ಬಿಚ್ಚದೆ ಬಾಗಿಲು ಕಳಚಬಹುದಾದದ್ದು. ಸ್ಲೈಡ್ ಆನ್‌ಗೆ ಸ್ಕ್ರೂ ಸಡಿಲಿಸಬೇಕು. ಮೂಲೆ ಕಪಾಟಿಗೆ 165 ಡಿಗ್ರಿ ತೆರೆಯುವುದು ಬೇಕಾಗುತ್ತದೆ, ಅದನ್ನು ಹತ್ತಿಪ್ಪತ್ತು ಇಟ್ಟರೆ ಸಾಕು.

ಬಾಗಿಲಿಗೆ ಎಷ್ಟು ಬಿಜಾಗರಿ? 600 ಮಿ.ಮೀ. ಅಗಲದ ಬಾಗಿಲಿಗೆ ಎತ್ತರ 900 ಮಿ.ಮೀ. ವರೆಗೆ 2, 1,600ರ ವರೆಗೆ 3, 2,000ದ ವರೆಗೆ 4, 2,400ರ ವರೆಗೆ 5. ಬಾಗಿಲಿನ ತೂಕದ ಲೆಕ್ಕದಲ್ಲಿ ಕ್ರಮವಾಗಿ ಸುಮಾರು 6, 12, 17, 22 ಕಿಲೋವರೆಗೆ. ಏಳು ಅಡಿ ವಾರ್ಡ್‌ರೋಬಿಗೆ ನಾಲ್ಕೇ ಹಾಕಿ ಮುಗಿಸುವವರು ಬಹಳ ಮಂದಿ. ಅದರ ಮೇಲೆ ಕನ್ನಡಿಯೂ ಅಂಟಿಸಿದರೆ ಬಾಗಿಲು ಜೋತುಬೀಳುತ್ತದೆ, ದೂರು ನಿಮ್ಮ ಬಿಜಾಗರಿಯ ಮೇಲೆ ಬರುತ್ತದೆ. ಈ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಕೌಂಟರಿನ ಎದುರೇ ತೂಗಿಸಿ. ಮಾರಾಟವೂ ಹೆಚ್ಚುತ್ತದೆ, ತಕರಾರೂ ಕಡಿಮೆಯಾಗುತ್ತದೆ.

*ಟೆಲಿಸ್ಕೋಪಿಕ್ ಚಾನಲ್.* ಡ್ರಾಯರಿನ ಎರಡು ಬದಿಗೆ ಕೂರುವ, ಗುಂಡುಗಳ ಮೇಲೆ ಜಾರುವ ಪಟ್ಟಿ. ಎತ್ತರ 45 ಮಿ.ಮೀ., ಉದ್ದ 10 ಇಂಚಿನಿಂದ 24 ಇಂಚಿನವರೆಗೆ ಎರಡೆರಡು ಇಂಚಿನ ಏರಿಕೆಯಲ್ಲಿ. ಮಾರುವುದು ಜೋಡಿಯಲ್ಲಿ. ಪ್ರತಿ ಬದಿಗೆ 12.7 ಮಿ.ಮೀ., ಅಂದರೆ ಅರ್ಧ ಇಂಚು ಜಾಗ ಬೇಕು. ಕಪಾಟಿನ ಒಳ ಅಗಲ 450 ಮಿ.ಮೀ. ಆದರೆ ಡ್ರಾಯರಿನ ಹೊರ ಅಗಲ 424. ಡ್ರಾಯರ್ ಬಿಗಿಯಾದರೆ ಗುಂಡು ಹಿಡಿದಿಡುವ ಪಂಜರ ಒಡೆಯುತ್ತದೆ, ಸಡಿಲವಾದರೆ ಹೊರಗೆಳೆದಾಗ ಕಳಚುತ್ತದೆ. "ಚಾನಲ್ ಸರಿ ಇಲ್ಲ" ಎಂದು ಹಿಂದೆ ತರುವವರನ್ನು ಮೊದಲು ಈ ಎರಡು ಅಳತೆ ಕೇಳಿ.

ಕೊಳ್ಳುವಾಗ ತಕ್ಕಡಿ ಜತೆಯಲ್ಲಿರಲಿ. ನೋಡಲು ಒಂದೇ ರೀತಿ ಇರುವ 20 ಇಂಚಿನ ಎರಡು ಜೋಡಿಯಲ್ಲಿ ಒಂದು ದಪ್ಪ ತಗಡಿನದು, ಇನ್ನೊಂದು ತೆಳುವಿನದು ಇರುತ್ತದೆ. ಪೆಟ್ಟಿಗೆಯ ಮೇಲೆ ಬರೆದ 45 ಕಿಲೋ ಹೊರುವ ಶಕ್ತಿ ಎರಡಕ್ಕೂ ಒಂದೇ. ಪೂರ್ತಿ ಎಳೆದು, ತುದಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಸಡಿಲ ಕೈಗೆ ಗೊತ್ತಾಗುತ್ತದೆ.

*ಹ್ಯಾಂಡಲ್.* ಅಳತೆ ಎಂದರೆ ಒಟ್ಟು ಉದ್ದವಲ್ಲ, ಎರಡು ಸ್ಕ್ರೂ ತೂತುಗಳ ನಡುವಿನ ಅಂತರ: 96, 128, 160, 192, 224, 256 ಮಿ.ಮೀ., ಹೀಗೆ 32ರ ಏರಿಕೆಯಲ್ಲಿ. ಪೇಟೆಯಲ್ಲಿ ಮಾತ್ರ ಆರಿಂಚು, ಎಂಟಿಂಚು ಎಂದೇ ಮಾತು, ಅದು ಕಂಪನಿಗೊಂದರಂತೆ. ಹಳೆಯ ತೂತಿಗೆ ಹೊಸ ಹ್ಯಾಂಡಲ್ ಕೇಳಿ ಬಂದವರಿಂದ ಮಿ.ಮೀ. ಅಳತೆ ತರಿಸದೆ ಕೊಡಬೇಡಿ. ಜತೆಗೆ ಬರುವ ಎಂ4 ಸ್ಕ್ರೂ 25 ಮಿ.ಮೀ. ಉದ್ದದ್ದು. ಎರಡೂ ಬದಿ ಲ್ಯಾಮಿನೇಟ್ ಹಾಕಿದ 18ರ ಹಲಗೆ ಸುಮಾರು 20 ಮಿ.ಮೀ. ಆಗುವುದರಿಂದ ಹಿಡಿತಕ್ಕೆ 5 ಮಿ.ಮೀ. ಉಳಿಯುತ್ತದೆ, ಸರಿಹೋಗುತ್ತದೆ. ಡ್ರಾಯರಿನಲ್ಲಿ ಎದುರು ಹಲಗೆಯ ಹಿಂದೆ ಪೆಟ್ಟಿಗೆಯ ಹಲಗೆಯೂ ಇರುವಲ್ಲಿ 40, 45 ಮಿ.ಮೀ. ಬೇಕು. ಇದನ್ನು ಬೇರೆಯಾಗಿ ಇಟ್ಟ ಅಂಗಡಿಗೆ ಆಚಾರಿ ಹುಡುಕಿಕೊಂಡು ಬರುತ್ತಾನೆ.

*ಉಳಿದದ್ದು.* ಮಲ್ಟಿಪರ್ಪಸ್ ಬೀಗ, ಮ್ಯಾಗ್ನೆಟ್ ಕ್ಯಾಚ್, ಮೇಲೆತ್ತುವ ಬಾಗಿಲಿನ ಗ್ಯಾಸ್ ಪಂಪ್, ಹಲಗೆ ಹೊರುವ ಪಿನ್, ಎಲ್ ಬ್ರ್ಯಾಕೆಟ್, ಪಿವಿಸಿ ಕಾಲು, ತಂತಿ ಬುಟ್ಟಿ. ಗ್ಯಾಸ್ ಪಂಪಿನ ಮೇಲೆ 80, 100, 120 ಎಂದು ಬರೆದಿರುವುದು ನ್ಯೂಟನ್‌ನಲ್ಲಿ ಅದರ ತಳ್ಳುವ ಬಲ. ಹಗುರ ಬಾಗಿಲಿಗೆ 120 ಹಾಕಿದರೆ ಬಾಗಿಲು ಮುಚ್ಚಿ ನಿಲ್ಲುವುದೇ ಇಲ್ಲ.

ಹಂತ 3: ಉಪ್ಪುಗಾಳಿಗೆ ತಕ್ಕ ಲೋಹ ಆರಿಸಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3,500 ಮಿ.ಮೀ. ಮಳೆ. ಮಂಜೇಶ್ವರದಿಂದ ಕಾಞಂಗಾಡಿನವರೆಗೆ ದೊಡ್ಡ ಪೇಟೆಗಳೆಲ್ಲ ಕಡಲ ಬದಿಯಲ್ಲಿವೆ. ಒಳನಾಡಿನ ಊರಿನಲ್ಲಿ ಹತ್ತು ವರ್ಷ ಬಾಳುವ ಸಾದಾ ಲೇಪನದ ಬಿಜಾಗರಿ ಕಡಲಿನ ಹತ್ತಿರದ ಮನೆಯಲ್ಲಿ ಬಲುಬೇಗ ಕಲೆ ತೋರಿಸುತ್ತದೆ.

ಆದ್ದರಿಂದ ಬಿಜಾಗರಿ ಎರಡು ದರ್ಜೆಯಲ್ಲಿಡಿ: ನಿಕ್ಕಲ್ ಲೇಪನದ ಉಕ್ಕು, ಮತ್ತು ಎಸ್‌ಎಸ್ 304, ಅಂದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಸಿಂಕಿನ ಕೆಳಗಿನ ಬಾಗಿಲು, ಬಚ್ಚಲ ಕಪಾಟು, ಕಡಲ ಬದಿಯ ಮನೆ, ಇವುಗಳಿಗೆ 304 ಎಂದೇ ಶಿಫಾರಸು ಮಾಡಿ. ಮಲೆನಾಡ ಕಡೆಯ ಅಡೂರು, ಪೆರ್ಲದ ಒಣ ಕೋಣೆಯ ವಾರ್ಡ್‌ರೋಬಿಗೆ ಅಷ್ಟು ಖರ್ಚು ಬೇಕಿಲ್ಲ. ಹಾಗೆಂದು ಗಿರಾಕಿಗೆ ನೇರ ಹೇಳಿ.

"ಎಸ್‌ಎಸ್" ಎಂದು ಕೆತ್ತಿದ ಮಾತ್ರಕ್ಕೆ 304 ಆಗುವುದಿಲ್ಲ. 202 ಎಂಬ ಅಗ್ಗದ ದರ್ಜೆಯಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಹೊಸತರಲ್ಲಿ ಹೊಳಪು ಒಂದೇ. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆಯನ್ನು ನಂಬಬೇಡಿ: 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಒತ್ತಿ ಬಾಗಿಸಿದ 304 ಸ್ವಲ್ಪ ಅಂಟಬಹುದು. ದರ್ಜೆ ಪರೀಕ್ಷಿಸುವ ದ್ರಾವಣ ಸಣ್ಣ ಬ್ಯಾಟರಿಯೊಂದಿಗೆ ಸಿಗುತ್ತದೆ. ಒಂದು ಹನಿ ಹಾಕಿ ಬ್ಯಾಟರಿ ತಾಗಿಸಿದರೆ ಮ್ಯಾಂಗನೀಸ್ ಹೆಚ್ಚಿರುವ 200 ಸರಣಿಯ ಉಕ್ಕು ಕೆಂಪಗಾಗುತ್ತದೆ. ಪ್ರತಿ ಹೊಸ ಲೋಡಿನ ಒಂದು ಬಿಜಾಗರಿ, ಒಂದು ತಂತಿ ಬುಟ್ಟಿಯನ್ನು ಹೀಗೆ ನೋಡಿದ ಮೇಲೆಯೇ ಪೂರೈಕೆದಾರನಿಗೆ ಹಣ ಕಳಿಸಿ. ಬಿಜಾಗರಿಯ ತೋಳು ಮಾತ್ರ 304, ಒಳಗಿನ ಪಿನ್ನು ಸ್ಪ್ರಿಂಗು ಸಾದಾ ಉಕ್ಕು ಆಗಿರುವುದೂ ಉಂಟು. ಅದನ್ನೂ ಕೇಳಿ ಬರೆಸಿಕೊಳ್ಳಿ.

ಸ್ಕ್ರೂವಿನ ವಿಷಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಿಪ್ಸಂ ಬೋರ್ಡಿಗೆಂದು ಬರುವ ಕಪ್ಪು ಡ್ರೈವಾಲ್ ಸ್ಕ್ರೂ ಅಗ್ಗ, ಎಲ್ಲೆಲ್ಲೂ ಸಿಗುತ್ತದೆ. 304 ಬಿಜಾಗರಿಗೆ ಅದನ್ನು ಹಾಕಿದರೆ ಮೊದಲ ಮಳೆಗಾಲದಲ್ಲೇ ಸ್ಕ್ರೂ ತಲೆ ತುಕ್ಕು ಹಿಡಿದು ಬಿಜಾಗರಿಯ ಮೇಲೆ ಕೆಂಪು ನೀರು ಇಳಿಯುತ್ತದೆ. ಜತೆಗೆ ಅದು ಪೆಡಸು, ಭಾರ ಬಿದ್ದಲ್ಲಿ ತಲೆ ಮುರಿಯುತ್ತದೆ. 304 ಬಿಜಾಗರಿ ಮಾರಿದಾಗ 304 ಸ್ಕ್ರೂ ಜತೆಗಿಟ್ಟೇ ಬಿಲ್ಲು ಮಾಡಿ.

ಇನ್ನೊಂದು ಎಚ್ಚರಿಕೆಯನ್ನು ಪ್ರತಿ ಬಿಲ್ಲಿನ ಹಿಂದೆ ಅಚ್ಚು ಹಾಕಿಸುವುದು ಒಳ್ಳೆಯದು: ಕ್ಯಾಬಿನೆಟ್ ಕೂರಿಸಿದ ಮೇಲೆ ನೆಲದ ಟೈಲ್ಸನ್ನು ಆಸಿಡ್ ಹಾಕಿ ತೊಳೆಯಬಾರದು. ಮುಚ್ಚಿದ ಮನೆಯಲ್ಲಿ ಆ ಹೊಗೆ ಕಪಾಟಿನೊಳಗೆ ನುಗ್ಗಿ, ಹೊಚ್ಚ ಹೊಸ ಬಿಜಾಗರಿಯೂ ಚಾನಲೂ ಮರುದಿನವೇ ಕಂದು ಬಣ್ಣಕ್ಕೆ ತಿರುಗುತ್ತವೆ. ಗೃಹಪ್ರವೇಶದ ಅವಸರದಲ್ಲಿ ಇದು ಸಾಮಾನ್ಯ. ಮಾಲು ಕಳಪೆ ಎಂಬ ಹೆಸರು ಮಾತ್ರ ಅಂಗಡಿಗೆ.

ಹಂತ 4: ಮೊದಲ ದಾಸ್ತಾನು

ಒಂದು ಅಡುಗೆಮನೆಯ ಲೆಕ್ಕದಿಂದ ಹೊರಡಿ. ಕೆಳಗೆ 8 ಬಾಗಿಲು, ಮೇಲೆ 6 ಬಾಗಿಲು, 3 ಡ್ರಾಯರ್ ಎನ್ನಿ. 28 ಬಿಜಾಗರಿ, 3 ಜೋಡಿ ಚಾನಲ್, 17 ಹ್ಯಾಂಡಲ್. ಬಿಜಾಗರಿಗೆ ಬಟ್ಟಲಿಗೆ ಎರಡು, ತಳಪಟ್ಟಿಗೆ ಎರಡು ಸ್ಕ್ರೂ, ಒಟ್ಟು 112. ಚಾನಲ್ ಜೋಡಿಗೆ ಕನಿಷ್ಠ 12ರಂತೆ 36. ಅಂದರೆ 148 ಸ್ಕ್ರೂ, ನೂರರ ಒಂದು ಪೆಟ್ಟಿಗೆ ಸಾಲದು. ಇಂಥ ಹತ್ತು ಅಡುಗೆಮನೆಗೆ ತಡೆಯಿಲ್ಲದೆ ಮಾಲು ಕೊಡುವಷ್ಟು ದಾಸ್ತಾನು ಆರಂಭಕ್ಕೆ ಸಾಕು.

ಬಿಜಾಗರಿ: ಸಾಫ್ಟ್ ಕ್ಲೋಸ್ 0 ಕ್ರ್ಯಾಂಕ್ 400, 8 ಕ್ರ್ಯಾಂಕ್ 100, 16 ಕ್ರ್ಯಾಂಕ್ 100. ಸಾದಾ 0 ಕ್ರ್ಯಾಂಕ್ 200. ಎಸ್‌ಎಸ್ 304 ಸಾಫ್ಟ್ ಕ್ಲೋಸ್ 0 ಕ್ರ್ಯಾಂಕ್ 100, ಕಡಲ ಬದಿಯ ಪೇಟೆಯಾದರೆ 200.

ಚಾನಲ್: 20 ಇಂಚು 60 ಜೋಡಿ, 18 ಇಂಚು 30, 16 ಇಂಚು 20, 12, 14, 22 ತಲಾ 10. ಅಡುಗೆಮನೆಯ ಕಟ್ಟೆಯ ಆಳಕ್ಕೆ 20 ಇಂಚು ಹೊಂದುವುದರಿಂದ ಮೊದಲು ಖಾಲಿಯಾಗುವುದು ಅದೇ. 24 ಇಂಚು ಆರ್ಡರ್ ಬಂದಾಗ ತರಿಸಿ.

ಈಗ ಹ್ಯಾಂಡಲ್. 40 ಮಾದರಿ, 3 ಬಣ್ಣ, 4 ಅಳತೆ ಎಂದು ಹೊರಟರೆ 480 ಬಗೆಯಾಯಿತು. ಒಂದು ಅಡುಗೆಮನೆಗೆ ಒಂದೇ ಬಗೆಯ 17 ಬೇಕು, ಆದ್ದರಿಂದ ಒಂದೊಂದರಲ್ಲೂ 24 ಇರಬೇಕು. ಒಟ್ಟು 11,520 ಹ್ಯಾಂಡಲ್! ಹಣ ಸಾಲದೆ ಒಂದೊಂದರಲ್ಲಿ ಹತ್ತು ತಂದಿಟ್ಟರೆ ಗಿರಾಕಿ ಆರಿಸಿದ್ದು ಸಾಲುವುದೇ ಇಲ್ಲ. ದಾಸ್ತಾನೂ ಇದೆ, ಮಾರಾಟವೂ ಇಲ್ಲ. 10 ಮಾದರಿ, 2 ಬಣ್ಣ, 2 ಅಳತೆ, ತಲಾ 24 ಎಂದು ಮಿತಿ ಹಾಕಿ, 960 ಆಯಿತು. ಉಳಿದ ಮಾದರಿಗಳ ಒಂದೊಂದು ತುಂಡನ್ನು ಬೋರ್ಡಿನಲ್ಲಿ ಕೂರಿಸಿ, ಮುಂಗಡ ಪಡೆದು ತರಿಸಿಕೊಡಿ. ಜಿಂಕ್ ಮಿಶ್ರಲೋಹದ ಕ್ರೋಮ್ ಹ್ಯಾಂಡಲ್ ಉಪ್ಪುಗಾಳಿಗೆ ಚುಕ್ಕೆ ಬಿದ್ದು ಸುಲಿಯುತ್ತದೆ. ಆನೋಡೈಸ್ ಮಾಡಿದ ಅಲ್ಯೂಮಿನಿಯಂ ಇಲ್ಲಿಗೆ ವಾಸಿ.

ಮಾಲಿನ ಹಣ ನೂರು ರೂಪಾಯಿ ಎಂದುಕೊಂಡರೆ ಬಿಜಾಗರಿ ಚಾನಲಿಗೆ 55, ಸ್ಕ್ರೂ ಮತ್ತು ಸಣ್ಣ ಸಾಮಾನಿಗೆ 15, ಹ್ಯಾಂಡಲಿಗೆ 15, ಬೀಗ ಬುಟ್ಟಿ ಗ್ಯಾಸ್ ಪಂಪಿಗೆ 15. ಇದಲ್ಲದೆ ಒಟ್ಟು ಬಂಡವಾಳದ ಕಾಲು ಭಾಗವನ್ನು ನಗದಾಗಿ ಬೇರೆ ಇಡಿ. ಮೊದಲ ಮೂರು ತಿಂಗಳು ಖಾಲಿಯಾದ ಮಾಲನ್ನು ಮತ್ತೆ ತುಂಬಲು ಅದೇ ಆಧಾರ. ಸಾಲ ಬೇಕಾದರೆ ಮುದ್ರಾ ಯೋಜನೆ ವ್ಯಾಪಾರಕ್ಕೂ ಅನ್ವಯಿಸುತ್ತದೆ: ಶಿಶು 50,000 ರೂಪಾಯಿವರೆಗೆ, ಕಿಶೋರ್ 5 ಲಕ್ಷ, ತರುಣ್ 10 ಲಕ್ಷ. ಮಾರ್ಗದರ್ಶನಕ್ಕೆ ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ.

ಹಂತ 5: ಕಾಗದಪತ್ರ, ಮತ್ತು ಗಡಿಯ ತೆರಿಗೆ

ಪಂಚಾಯತ್ ಅಥವಾ ನಗರಸಭೆಯ ಲೈಸೆನ್ಸ್ ಮೊದಲು. ಈಗ ಸ್ಥಳೀಯಾಡಳಿತದ ಕೆ-ಸ್ಮಾರ್ಟ್ ಪೋರ್ಟಲ್ ಮೂಲಕ ಆನ್‌ಲೈನ್ ಅರ್ಜಿ, ಅಕ್ಷಯ ಕೇಂದ್ರದಲ್ಲಿ ಹಾಕಿಸಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಕಟ್ಟಡದ ನಂಬರು ವಾಣಿಜ್ಯ ಬಳಕೆಯದೇ ಎಂದು ಖಚಿತಪಡಿಸಿಕೊಳ್ಳಿ. ಮನೆ ನಂಬರಿನ ಕೋಣೆಗೆ ಮುಂಗಡ ಕೊಟ್ಟು ಲೈಸೆನ್ಸಿಗೆ ಅಲೆಯುವುದು ಮಾಮೂಲಿ ತಪ್ಪು. ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ, ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಆಮೇಲೆ. ಉದ್ಯಮ್ ಉಚಿತ, ಅದಕ್ಕೆ ಶುಲ್ಕ ಕೇಳುವ ವೆಬ್‌ಸೈಟು ಸರ್ಕಾರದ್ದಲ್ಲ.

ಸ್ಕ್ರೂ ತೂಗಿ ಮಾರುವುದಾದರೆ ತಕ್ಕಡಿಗೆ ಲೀಗಲ್ ಮೆಟ್ರಾಲಜಿ, ಅಂದರೆ ತೂಕ ಅಳತೆ ಇಲಾಖೆಯ ಮುದ್ರೆ ಬೇಕು. ಸಗಟು ಸ್ಕ್ರೂ ತಂದು ಸಣ್ಣ ಪ್ಯಾಕೆಟ್ ಮಾಡಿ ನಿಮ್ಮ ಹೆಸರು ಅಂಟಿಸಿದರೆ ಕಾನೂನಿನ ಕಣ್ಣಿಗೆ ನೀವು ಪ್ಯಾಕರ್. ಅದಕ್ಕೆ ಬೇರೆ ನೋಂದಣಿ, ಪ್ಯಾಕೆಟಿನ ಮೇಲೆ ಎಂಆರ್‌ಪಿ, ತಿಂಗಳು, ವಿಳಾಸ ಎಲ್ಲ ಬೇಕು. ಆಮದು ಮಾಲಿನ ಪೆಟ್ಟಿಗೆಯಲ್ಲಿ ಆಮದುದಾರನ ಹೆಸರು, ಮೂಲ ದೇಶ ಇಲ್ಲದಿದ್ದರೆ ಮುಟ್ಟಬೇಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯವಾದ ಸಾಮಾನುಗಳ ಪಟ್ಟಿಗೆ ಸೇರ್ಪಡೆ ಆಗುತ್ತಲೇ ಇರುವುದರಿಂದ ದೊಡ್ಡ ಖರೀದಿಗೆ ಮುಂಚೆ ಅದನ್ನೂ ನೋಡಿ.

ಮಾಲು ಇಳಿಸುವ ಕೂಲಿ ಕೇರಳದ ವಿಶೇಷ. ನಿಮ್ಮ ಪೇಟೆಯಲ್ಲಿ ನೋಂದಾಯಿತ ಹೊರೆ ಕಾರ್ಮಿಕರು ಇದ್ದಾರೆಯೇ, ದರ ಎಷ್ಟು ಎಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ, ಮೊದಲ ಲಾರಿ ಬರುವ ಮುನ್ನವೇ ಮಾತಾಡಿಕೊಳ್ಳಿ. ಕೆಲಸ ಮಾಡದೆ ಕೇಳುವ ನೋಕ್ಕುಕೂಲಿ 2018ರ ಮೇ 1ರಿಂದ ನಿಷೇಧವಾಗಿದೆ.

ಇನ್ನು ಜಿಎಸ್‌ಟಿ. ಬಿಜಾಗರಿ, ಚಾನಲ್, ಹ್ಯಾಂಡಲ್ ಬರುವುದು ಸರಕು ಸಂಕೇತಪಟ್ಟಿಯ (ಎಚ್‌ಎಸ್‌ಎನ್) 8302 ಎಂಬ ಶೀರ್ಷಿಕೆಯಲ್ಲಿ, ಬೀಗ 8301, ಉಕ್ಕಿನ ಸ್ಕ್ರೂ 7318, ತೆರಿಗೆ ಶೇ. 18. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ರಾಜ್ಯದ ಹೊರಗೆ ಮಾರುವುದಾದರೆ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ತಲಪಾಡಿ ದಾಟಿದರೆ ಬೇರೆ ರಾಜ್ಯ ಎಂಬುದು ನಮಗೆ ದಿನನಿತ್ಯ ಮರೆತುಹೋಗುವ ಸಂಗತಿ, ತೆರಿಗೆಗೆ ಮರೆಯುವುದಿಲ್ಲ. ನೋಂದಣಿ ಇಲ್ಲದ ಗಿರಾಕಿಯ ಬಿಲ್ಲಿನಲ್ಲಿ ನೀವು ಉಳ್ಳಾಲದ ವಿಳಾಸ ಬರೆದರೆ ಅದು ಅಂತರರಾಜ್ಯ ಮಾರಾಟವೆಂದೇ ಗಣನೆ, ಐಜಿಎಸ್‌ಟಿ, ಅಂದರೆ ಅಂತರರಾಜ್ಯ ಮಾರಾಟದ ಜಿಎಸ್‌ಟಿ ಹಾಕಬೇಕು.

ಇದೇ ಕಾರಣಕ್ಕೆ ಕಾಂಪೊಸಿಷನ್ ಯೋಜನೆ, ಅಂದರೆ ವಹಿವಾಟಿನ ಶೇ. 1 ಕಟ್ಟಿ ಮುಗಿಸುವ ಸುಲಭದ ದಾರಿ, ಗಡಿಯ ಅಂಗಡಿಗೆ ಹೊಂದುವುದಿಲ್ಲ. ಅದರಲ್ಲಿ ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಅಂದರೆ ಕ್ರೆಡಿಟ್ ನಿಮಗೂ ಇಲ್ಲ, ನಿಮ್ಮಿಂದ ಕೊಂಡ ಕಾಂಟ್ರಾಕ್ಟರನಿಗೂ ಇಲ್ಲ. ನಮ್ಮ ಸಲಹೆ ಸಾಮಾನ್ಯ ನೋಂದಣಿ.

ಮಂಗಳೂರಿನಿಂದ ಕೊಂಡಾಗ ಬಿಲ್ಲಿನಲ್ಲಿ ಐಜಿಎಸ್‌ಟಿ ಇರುತ್ತದೆ. ಆ ಕ್ರೆಡಿಟನ್ನು ಇಲ್ಲಿ ಮಾರಾಟಕ್ಕೆ ಕಟ್ಟಬೇಕಾದ ಕೇಂದ್ರ, ರಾಜ್ಯ ಎರಡೂ ತೆರಿಗೆಗೆ ಬಳಸಬಹುದು, ನಷ್ಟವಿಲ್ಲ. ನಷ್ಟವಾಗುವುದು ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರು ಹಾಕಿಸದೆ ನಗದು ಕೊಟ್ಟು ತಂದಾಗ. ಪ್ರತಿ ತಿಂಗಳು ಜಿಎಸ್‌ಟಿ ಪೋರ್ಟಲಿನ ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಬಿಲ್ಲು ಕಾಣಿಸಿತೇ ನೋಡಿ. ಕಾಣದಿದ್ದರೆ ಪೂರೈಕೆದಾರ ರಿಟರ್ನ್ ಹಾಕಿಲ್ಲ, ನಿಮಗೆ ಕ್ರೆಡಿಟ್ ಇಲ್ಲ. ತೆರಿಗೆ ಸೇರಿ 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್, ಅಂದರೆ ಸಾಗಾಟಕ್ಕೆ ಆನ್‌ಲೈನಿನಲ್ಲಿ ಮಾಡಿಸುವ ಚೀಟಿ ಬೇಕು, ಅದರಲ್ಲಿ ವಾಹನದ ನಂಬರೂ ತುಂಬಿರಬೇಕು. ಸ್ವಂತ ಓಮ್ನಿಯಲ್ಲಿ ತಂದರೂ ಬೇಕು.

ಹಂತ 6: ಎಲ್ಲಿಂದ ಕೊಳ್ಳುವುದು, ದರ ಹೇಗೆ ಕಟ್ಟುವುದು

ಮೊದಲ ವರ್ಷ ಮಂಗಳೂರು, ಕೋಝಿಕ್ಕೋಡಿನ ವಿತರಕರೇ ಸಾಕು. ಹತ್ತಿರವಿದ್ದಾರೆ, ಕಡಿಮೆ ಸಂಖ್ಯೆಯಲ್ಲಿ ಕೊಡುತ್ತಾರೆ, ಹಾಳಾದದ್ದು ಬದಲಾಯಿಸುವುದೂ ಸುಲಭ. ರಾಜ್‌ಕೋಟ್ ಬಿಜಾಗರಿ ಚಾನಲ್‌ಗಳ, ಜಾಮ್‌ನಗರ ಹಿತ್ತಾಳೆ ಸಾಮಾನಿನ, ಅಲಿಗಢ ಬೀಗಗಳ ತವರು. ಅಲ್ಲಿಂದ ನೇರ ತರಿಸಿದರೆ ದರ ಇಳಿಯುತ್ತದೆ, ಆದರೆ ಪೆಟ್ಟಿಗೆ ಲೆಕ್ಕದಲ್ಲೇ ಕೊಳ್ಳಬೇಕು, ಹಣ ಮುಂಗಡ. ಯಾವುದು ಎಷ್ಟು ಹೋಗುತ್ತದೆಂದು ನಿಮ್ಮ ಪುಸ್ತಕವೇ ಹೇಳುವ ತನಕ ಆ ಕಡೆ ಹೋಗಬೇಡಿ.

ದರಪಟ್ಟಿಯ ಗಂಟು ಇರುವುದು "ಎಂಆರ್‌ಪಿ ಮೇಲೆ ಶೇ. 40 ಕಡಿತ" ಎಂಬ ಮಾತಿನಲ್ಲಿ. ಎಂಆರ್‌ಪಿ 250 ಇರುವ ಸಾಮಾನು 150ಕ್ಕೆ ಬಂತು. ಆ 150 ತೆರಿಗೆ ಸೇರಿಯೋ, ಬಿಟ್ಟೋ? ಸೇರಿದ್ದರೆ ನಿಜವಾದ ಬೆಲೆ 127.12, ಸಾಗಾಟ 3 ರೂಪಾಯಿ ಸೇರಿಸಿ 130.12. ಬಿಟ್ಟಿದ್ದರೆ 153. ನೀವು ಆಚಾರಿಗೆ ತೆರಿಗೆ ಸೇರಿ 185ಕ್ಕೆ ಕೊಟ್ಟರೆ ನಿಮ್ಮ ಕೈಗೆ ಬರುವುದು 156.78. ಮೊದಲ ಲೆಕ್ಕದಲ್ಲಿ 26.66 ರೂಪಾಯಿ, ಅಂದರೆ ಮಾರಾಟದ ಶೇ. 17 ಲಾಭ. ಎರಡನೆಯದರಲ್ಲಿ 3.78, ಅಂಗಡಿಯ ಕರೆಂಟು ಬಿಲ್ಲಿಗೂ ಸಾಲದು. ಆರ್ಡರ್ ಕೊಡುವ ಮೊದಲು ಈ ಒಂದು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ.

ಹಂತ 7: ರ‍್ಯಾಕು, ಹೆಸರು, ಪ್ರದರ್ಶನ

20 ಇಂಚಿನ ಚಾನಲ್ ಜೋಡಿ ಒಂದು ಕಿಲೋ ಆಸುಪಾಸು ತೂಗುತ್ತದೆ. ಕೆಳಗಿನ ಹಲಗೆ ಚಾನಲಿಗೆ, ಕೈಗೆಟಕುವ ಎತ್ತರ ಬಿಜಾಗರಿಗೆ. ನೆಲದಿಂದ ಅರ್ಧ ಅಡಿ, ಗೋಡೆಯಿಂದ ನಾಲ್ಕು ಬೆರಳು ಬಿಡಿ; ಜೂನ್ ಬಂದರೆ ಕೆಂಪುಕಲ್ಲಿನ ಗೋಡೆ ಬೆವರುತ್ತದೆ, ರಟ್ಟಿನ ಪೆಟ್ಟಿಗೆ ತೇವ ಹೀರಿ ಒಳಗಿನ ಮಾಲು ಮಾರುವ ಮುನ್ನವೇ ತುಕ್ಕಾಗುತ್ತದೆ. ಹಳೆಯ ಮಾಲು ಮುಂದೆ, ಹೊಸದು ಹಿಂದೆ.

ಬಿಲ್ಲಿಂಗ್ ತಂತ್ರಾಂಶದಲ್ಲಿ ಪ್ರತಿ ಸಾಮಾನಿಗೂ ಒಂದೇ ಕ್ರಮದಲ್ಲಿ ಹೆಸರಿಡಿ: ಬಗೆ, ಅಳತೆ, ದರ್ಜೆ, ಕಂಪನಿ. ಕೌಂಟರಿಗೆ ತುಳು, ಮಲಯಾಳ, ಬ್ಯಾರಿ, ಹಿಂದಿ ಮಾತಾಡುವ ಕೆಲಸಗಾರರು ಬರುತ್ತಾರೆ. ವಿಜಾಗಿರಿ, ಹಿಂಜ್, ಕಬ್ಜಾ ಎಂದು ಕೇಳಿದ್ದೆಲ್ಲ ಒಂದೇ ಕೋಡಿಗೆ ತಲುಪಬೇಕು. ಮೂರೂ ಕ್ರ್ಯಾಂಕಿನ ಬಿಜಾಗರಿಯನ್ನು ಸಣ್ಣ ಹಲಗೆ ತುಂಡುಗಳಿಗೆ ಜೋಡಿಸಿ ತೆರೆದು ಮುಚ್ಚುವಂತೆ ಕೌಂಟರಿನಲ್ಲಿಡಿ. ಆಗ ಭಾಷೆಯೇ ಬೇಡ, ಬೆರಳು ತೋರಿಸಿದರೆ ಆಯಿತು.

ಹಂತ 8: ಉದ್ರಿ, ವಾಪಸಾತಿ, ದೂರು

ಉದ್ರಿ ಕೊಡದೆ ಈ ವ್ಯಾಪಾರ ನಡೆಯದು. ಕೊಡುವುದಕ್ಕೆ ಗೆರೆ ಇರಲಿ: ಹಿಂದಿನ ಕೆಲಸದ ಬಾಕಿ ತೀರದೆ ಹೊಸ ಮನೆಯ ಮಾಲು ಇಲ್ಲ. ಬಿಲ್ಲು ಮನೆ ಯಜಮಾನನ ಹೆಸರಿಗೋ ಕಾಂಟ್ರಾಕ್ಟರನ ಹೆಸರಿಗೋ ಎಂದು ಮೊದಲೇ ತೀರ್ಮಾನವಾಗಲಿ; ಯಜಮಾನ ಗಲ್ಫಿನಲ್ಲಿದ್ದು ಕಾಂಟ್ರಾಕ್ಟರ ಕೈತೊಳೆದುಕೊಂಡರೆ ಹಣ ಯಾರನ್ನು ಕೇಳುವುದು? ಆಚಾರಿಗೆ ಕಮಿಷನ್ ಕೊಡುವ ವಾಡಿಕೆ ಉಂಟು. ಅದನ್ನು ಬಿಲ್ಲಿನಲ್ಲೇ ಕಾಣುವ ರಿಯಾಯಿತಿಯಾಗಿ ಕೊಡಿ. ಗುಟ್ಟಿನ ಕಮಿಷನಿಗೆಂದು ದರ ಏರಿಸಿದರೆ ಮನೆಯವರು ಮಂಗಳೂರಿಗೆ ಫೋನ್ ಮಾಡಿ ಕೇಳಿ ತಿಳಿಯುತ್ತಾರೆ.

ತುಳುವರ ಆಟಿ ತಿಂಗಳಿನಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಗೃಹಪ್ರವೇಶ ಇಲ್ಲ, ಮಳೆಗೆ ಮನೆ ಕೆಲಸವೂ ನಿಧಾನ. ಗಲ್ಫಿನಿಂದ ರಜೆಗೆ ಬಂದವರ ಕೆಲಸ ಮಾತ್ರ ಅವಸರದಲ್ಲಿ ನಡೆಯುತ್ತದೆ. ಮೇ ಕೊನೆಗೆ ಉದ್ರಿ ಎಷ್ಟು ವಸೂಲಾಗುತ್ತದೋ ಅಷ್ಟರಲ್ಲೇ ಆಗಸ್ಟ್‌ವರೆಗೆ ದಾಟಬೇಕು ಎಂದು ಲೆಕ್ಕ ಹಾಕಿ. ಅಕ್ಟೋಬರಿನ ಮಾಲಿಗೆ ಸೆಪ್ಟೆಂಬರಿನಲ್ಲಿ ಆರ್ಡರ್ ಕೊಡಿ.

ವಾಪಸಾತಿಗೆ ನಿಯಮ ಸರಳವಾಗಿರಲಿ: ಸ್ಕ್ರೂ ಹಾಕದ, ಪೆಟ್ಟಿಗೆ ಇರುವ ಮಾಲು 30 ದಿನದೊಳಗೆ, ಬಿಲ್ಲಿನೊಂದಿಗೆ. ದೂರು ಬಂದರೆ ಅಲ್ಲೇ ವಾದ ಬೇಡ, ಫೋಟೋ ತರಿಸಿ. ತುಕ್ಕು ಎಲ್ಲ ಸಾಮಾನಿನ ಮೇಲೂ ಒಂದೇ ಸಮ ಹರಡಿದ್ದರೆ ಆಸಿಡ್ ಹೊಗೆ. ಸಿಂಕಿನ ಕೆಳಗೆ ಮಾತ್ರವಾದರೆ ಸೋರಿಕೆ. ಸ್ಕ್ರೂ ತಲೆಯಿಂದ ಇಳಿದಿದ್ದರೆ ಸ್ಕ್ರೂವಿನ ದರ್ಜೆ. ಒಂದೇ ಲೋಡಿನ ಮಾಲು ಮೂರು ಬೇರೆ ಬೇರೆ ಮನೆಯಲ್ಲಿ ಹಾಳಾದರೆ ದೋಷ ಮಾಲಿನದು. ಉಳಿದ ಪೆಟ್ಟಿಗೆಗಳನ್ನು ಅಂದೇ ರ‍್ಯಾಕಿನಿಂದ ಇಳಿಸಿ, ಲೋಡಿನ ನಂಬರು ಬರೆದು ವಿತರಕನಿಗೆ ವಾಪಸು ಕಳಿಸಿ.